ಕಾಮಣಿಯ ಜಮಾ-ಖರ್ಚು

ಹೋದ ತಿಂಗಳು ನಮ್ಮ ಸಂಘದ ಚರ್ಚಾಕೂಟದಲ್ಲಿ ಇಟ್ಟಿದ್ದ ವಿಷಯ 'ನಾಟಿ ವೈದ್ಯ: ಜ್ಞಾನವೋ ಮೌಢ್ಯವೋ?' ಪರವಾಗಿ ಮಾತಾಡಿದ ಗೆಳೆಯರು ವೇದದಿಂದ ಶುರುಮಾಡಿ ಬೇವಿನ ಕಡ್ಡಿಯವರೆಗೆ ಬಂದು, ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಅಂದರು. ವಿರೋಧವಾಗಿ ಮಾತಾಡಿದವರು, ಹೆಚ್ಚಿನವರು ಸಾಯನ್ಸಿನವರೇ, ಹಳ್ಳಿಯ ಔಷಧವೆಂದರೆ ಬೂದಿ, ನಿಂಬೆಹಣ್ಣು, ಮೋಸ, ಅಷ್ಟೇ ಅಂದರು. ಚಪ್ಪಾಳೆ ಎರಡೂ ಕಡೆಗೆ ಬಿತ್ತು. ನನ್ನ ಸರದಿ ಬಂದಾಗ ಎದ್ದು ನಿಂತು ಎರಡು ಮಾತು ತೊದಲಿ ಕೂತುಬಿಟ್ಟೆ. ಅಧ್ಯಕ್ಷತೆ ವಹಿಸಿದ್ದ ಸರ್ ನಕ್ಕು, "ಅಡ್ಡಗೋಡೆ ಮೇಲೆ ದೀಪ ಇಟ್ಟೆಯಲ್ಲಪ್ಪಾ" ಅಂದರು. ಆಮೇಲೆ ಕ್ಯಾಂಟೀನಿನಲ್ಲಿ ಎರಡೂ ಪಕ್ಷದವರು ಸೇರಿ ನನ್ನನ್ನು ಹೇಡಿ ಎಂದು ತೀರ್ಮಾನಿಸಿದರು. ಅವರು ಒಮ್ಮತಕ್ಕೆ ಬಂದದ್ದು ಆ ಒಂದು ವಿಷಯದಲ್ಲಿ ಮಾತ್ರ.

ಆ ದಿನ ಬಾಯಲ್ಲಿ ಬಾರದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿ. ವೈದ್ಯಶಾಸ್ತ್ರ ನನಗೆ ಬಾರದು. ಜಮಾ-ಖರ್ಚು ಸ್ವಲ್ಪ ಬರುತ್ತದೆ. ಆದ್ದರಿಂದ ಒಂದೇ ಒಂದು ರೋಗವನ್ನು ಹಿಡಿದುಕೊಂಡು ಅದರ ಲೆಕ್ಕ ನೋಡುತ್ತೇನೆ. ಆ ರೋಗ ಕಾಮಾಲೆ. ನಮ್ಮ ಗದಗಿನ ಕಡೆ ಅದಕ್ಕೆ ಕಾಮಣಿ ಅಂತಾರೆ, ಕರಾವಳಿಯ ಗೆಳೆಯರು ಅರಿಶಿನ ಮುಂಡಿಗೆ ಅಂತಾರೆ. ಇಲ್ಲಿ ಮುಂಬಯಿಯಲ್ಲಿ ಮರಾಠಿ ಬಾಯಲ್ಲಿ ಅದು ಕಾವೀಳ. ಲೋಕಲ್ ಗಾಡಿಯ ಡಬ್ಬಿಯಲ್ಲಿ ಅಂಟಿಸಿದ ಚೀಟಿಗಳಲ್ಲಿ ಪೀಲಿಯಾ. ಹೆಸರು ನಾಲ್ಕಾದರೂ ಕಣ್ಣು ಮಾತ್ರ ಎಲ್ಲ ಕಡೆಯೂ ಹಳದಿ.

ನನಗೆ ಕಾಮಣಿ ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಬೇಸಿಗೆ ರಜೆ ಬಿಟ್ಟಿತ್ತು, ನಾನು ಅವ್ವನ ತವರೂರಿಗೆ ಹೋಗಿದ್ದೆ. ಅಲ್ಲಿ ಮೂರು ದಿನ ಜ್ವರ ಬಂತು, ಅನ್ನ ಕಂಡರೆ ವಾಕರಿಕೆ, ಆಮೇಲೆ ಕಣ್ಣು ಹಳದಿಯಾದವು. ಆಯಿ ಎರಡನೆಯ ಮಾತಿಲ್ಲದೆ ಔಷಧದ ಅಜ್ಜನ ಹತ್ತಿರ ಕರಕೊಂಡು ಹೋದಳು. ಊರಿಗೆ ಊರೇ ಹೋಗುತ್ತಿದ್ದದ್ದು ಅಲ್ಲಿಗೆ. ಅಜ್ಜ ಹಿತ್ತಾಳೆ ತಾಟು ಮುಂದಿಟ್ಟು, ನನ್ನ ಎರಡೂ ಅಂಗೈಗೆ ಯಾವುದೋ ತೊಗಟೆಯ ರಸ ಹಚ್ಚಿ, ಬಾಯಲ್ಲಿ ಏನೋ ಅಂದುಕೊಳ್ಳುತ್ತ ತಿಳಿನೀರಿನಂಥ ನೀರು ಹಾಕಿ ತೊಳೆದ. ತಾಟಿಗೆ ಇಳಿದ ನೀರು ಹಳದಿ! "ನೋಡ, ಕಾಮಣಿ ಇಳೀಲಿಕ್ಕೆ ಹತ್ತೇತಿ" ಅಂದ ಅಜ್ಜ. ಆಯಿ ಕೈಮುಗಿದಳು. ನಾನು ಆ ತಾಟನ್ನು ನೋಡುತ್ತ ಕೂತದ್ದು ಇವತ್ತಿಗೂ ಕಣ್ಣಮುಂದಿದೆ. ಮೈಯೊಳಗಿನ ರೋಗ ಹೊರಗೆ ಬಂದು ತಾಟಿನಲ್ಲಿ ನಿಂತಿದೆ, ಅದನ್ನು ನಾನೇ ನೋಡಿದ್ದೇನೆ! ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಎಣ್ಣೆ ಇಲ್ಲ, ಖಾರ ಇಲ್ಲ. ಮೂರು ಭಾನುವಾರ ತಾಟಿನ ಮುಂದೆ ಕೂತೆ. ಮೂರನೆಯ ಸಲಕ್ಕೆ ಕಣ್ಣು ಬೆಳ್ಳಗಾಗಿದ್ದವು. ಅಜ್ಜ ತೆಗೆದುಕೊಂಡದ್ದು ಒಂದು ತೆಂಗಿನಕಾಯಿ, ಎರಡು ಎಲೆ ಅಡಿಕೆ. ಅವನನ್ನು ಮೋಸಗಾರ ಎನ್ನುವವರ ಜೊತೆ ನನಗೆ ಇವತ್ತಿಗೂ ಜಗಳ ಇದೆ.

ನೀರು ಹಳದಿಯಾದದ್ದು ಹೇಗೆ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಕಾಲೇಜಿಗೆ ಬಂದ ನಂತರ. ಆರತಿಗೆ ಓಕುಳಿ ನೀರು ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದರಂತೆಯೇ ಮಾವಿನ ತೊಗಟೆಯ ರಸಕ್ಕೆ ಸುಣ್ಣದ ತಿಳಿ ತಾಕಿದರೆ ಹಳದಿಯಾಗುತ್ತದೆ. ಕಾಮಣಿ ಇಲ್ಲದ ಕೈಯನ್ನು ತೊಳೆದರೂ ಹಳದಿಯೇ. ಕೆಮಿಸ್ಟ್ರಿ ಓದುವ ನನ್ನ ಗೆಳೆಯ ತನ್ನ ಕೈಯ ಮೇಲೆಯೇ ಮಾಡಿ ತೋರಿಸಿದ. ಅವನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಯಾರೋ ನನ್ನ ಬಾಲ್ಯದ ಒಂದು ಸಾಮಾನು ಕಸಕೊಂಡಂತಾಯಿತು. ಅಜ್ಜನಿಗೆ ಇದು ಗೊತ್ತಿತ್ತೇ? ಅವನು ತನ್ನ ಅಪ್ಪನಿಂದ ಕಲಿತದ್ದನ್ನು ಮಾಡುತ್ತಿದ್ದ, ಅವನಪ್ಪ ಅವನಪ್ಪನಿಂದ. ಅವರಲ್ಲಿ ಯಾರೂ ಆರೋಗ್ಯವಂತನ ಕೈ ತೊಳೆದು ನೋಡಿರಲಿಕ್ಕಿಲ್ಲ. ನೋಡುವ ಕಾರಣವಾದರೂ ಏನಿತ್ತು?

ಹಳದಿಯನ್ನು ಮೈಯಿಂದ ಹೊರಗೆ ಕಳಿಸುವ ಈ ಯೋಚನೆ ನಮ್ಮೂರಿನದು ಮಾತ್ರ ಎಂದುಕೊಂಡಿದ್ದೆ. ಲೈಬ್ರರಿಯಲ್ಲಿ ಹುಡುಕುತ್ತ ಹೋದರೆ ಅರ್ಧ ಪ್ರಪಂಚದಲ್ಲಿ ಸಿಕ್ಕಿತು. ಅಥರ್ವವೇದದ ಮೊದಲನೆಯ ಕಾಂಡದಲ್ಲಿ ಕಾಮಾಲೆಗೆಂದೇ ಒಂದು ಸೂಕ್ತ ಇದೆ. ರೋಗಿಯ ಹಳದಿ ಗಿಳಿಗಳಿಗೆ ಹೋಗಲಿ, ಹಳದಿ ಹಕ್ಕಿಗಳಿಗೆ ಹೋಗಲಿ, ಕೆಂಪು ಹಸುವಿನ ಕೆಂಪು ಬಣ್ಣ ರೋಗಿಗೆ ಬರಲಿ ಎಂಬುದು ಅದರ ಆಶಯ. ಇದು ಸುಮಾರು ಮೂರು ಸಾವಿರ ವರ್ಷದ ಹಿಂದಿನ ಮಾತು. ಅತ್ತ ರೋಮಿನಲ್ಲಿ, ವೆಸೂವಿಯಸ್ ಜ್ವಾಲಾಮುಖಿ ಸಿಡಿದ ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ಎಂಬ ಪಂಡಿತ, ಹಳದಿ ಬಣ್ಣದ ಒಂದು ಹಕ್ಕಿಯ ವಿಷಯ ಬರೆದಿಟ್ಟಿದ್ದಾನೆ. ಕಾಮಾಲೆಯವನು ಅದನ್ನು ನೋಡಿದರೆ ಅವನ ರೋಗ ಹೋಗುತ್ತದಂತೆ, ಹಕ್ಕಿ ಸಾಯುತ್ತದಂತೆ. ಆ ಹಕ್ಕಿಯ ಹೆಸರೂ ರೋಗದ ಹೆಸರೂ ಒಂದೇ: ಇಕ್ಟೆರಸ್. ನಮ್ಮ ಡಾಕ್ಟರುಗಳು ಇವತ್ತಿಗೂ ಕೇಸ್ ಪೇಪರಿನ ಮೇಲೆ ಗೀಚುವ ಶಬ್ದ ಅದೇ. ಗ್ರೀಕರಲ್ಲಿ ಇನ್ನೊಂದು ಹಕ್ಕಿ, ಕರಾದ್ರಿಯೋಸ್. ಅದು ರೋಗಿಯ ಕಣ್ಣಿನಿಂದ ಕಾಮಾಲೆಯನ್ನು ತನ್ನ ಕಣ್ಣಿಗೆ ಎಳೆದುಕೊಳ್ಳುತ್ತದೆ, ಅದಕ್ಕೇ ರೋಗಿಯನ್ನು ಕಂಡರೆ ಮುಖ ತಿರುಗಿಸುತ್ತದೆ ಎಂದು ಪ್ಲುಟಾರ್ಕ್ ವಿವರಿಸುತ್ತಾನೆ. ಕಾಮರ್ಸಿನವನಾದ ನನಗೆ ತುಂಬಾ ಹಿಡಿಸಿದ ಸಂಗತಿ ಏನೆಂದರೆ, ಆ ಹಕ್ಕಿ ಮಾರುವವರು ಪಂಜರಕ್ಕೆ ಬಟ್ಟೆ ಮುಚ್ಚಿಡುತ್ತಿದ್ದರಂತೆ. ಯಾಕಂದರೆ ಗಿರಾಕಿ ಬರೀ ನೋಡಿ, ಪುಕ್ಕಟೆ ಗುಣವಾಗಿ, ದುಡ್ಡು ಕೊಡದೆ ಹೋಗಿಬಿಟ್ಟರೆ! ನಂಬಿಕೆ ಎಷ್ಟೇ ಹಳೆಯದಾಗಿರಲಿ, ವ್ಯಾಪಾರ ಅದರ ಪಕ್ಕದಲ್ಲೇ ಅಂಗಡಿ ತೆರೆದಿರುತ್ತದೆ.

ಸರ್ ಜೇಮ್ಸ್ ಫ್ರೇಜರ್ ಎಂಬ ಪಂಡಿತರು ಇಂಥ ನೂರಾರು ಸಂಗತಿಗಳನ್ನು ಕೂಡಿಸಿ 'ದಿ ಗೋಲ್ಡನ್ ಬೋ' ಎಂಬ ಗ್ರಂಥ ಬರೆದರು. ಅದು ಮೊದಲು ಪ್ರಕಟವಾದದ್ದು 1890ರಲ್ಲಿ. ವೇದದ ಗಿಳಿಯನ್ನೂ ಗ್ರೀಕರ ಹಕ್ಕಿಯನ್ನೂ ಅವರು ಒಂದೇ ಸಾಲಿನಲ್ಲಿ ಕೂಡಿಸುತ್ತಾರೆ. ಹಳದಿಗೆ ಹಳದಿ, ಕೆಂಪಿಗೆ ಕೆಂಪು. ಸಮಾನವಾದದ್ದು ಸಮಾನವಾದದ್ದನ್ನು ಸೆಳೆಯುತ್ತದೆ ಅನ್ನುವ ತರ್ಕ. ನಮ್ಮ ಅಜ್ಜನ ಹಿತ್ತಾಳೆ ತಾಟು ಅವರ ಕಣ್ಣಿಗೆ ಬಿದ್ದಿದ್ದರೆ ಅದೂ ಆ ಸಾಲಿನಲ್ಲೇ ಕೂರುತ್ತಿತ್ತು.

ಇಷ್ಟು ದೇಶದವರು ಇಷ್ಟು ಸಾವಿರ ವರ್ಷ ನಂಬಿದ್ದಾರೆ ಅಂದರೆ ಏನೋ ಇರಲೇಬೇಕಲ್ಲ ಅನ್ನುತ್ತಾರೆ ಪರ ಪಕ್ಷದ ಗೆಳೆಯರು. ಹೌದು, ಇದೆ. ಇರುವುದು ರೋಗದಲ್ಲಿ. ಮೈಯ ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ರಕ್ತದಿಂದ ತೆಗೆದು ಪಿತ್ತದ ಜೊತೆ ಕರುಳಿಗೆ ಸಾಗಿಸುವುದು ಯಕೃತ್ತಿನ ಕೆಲಸ. ಯಕೃತ್ತು ಕೆಟ್ಟರೆ ಆ ಹಳದಿ ರಕ್ತದಲ್ಲೇ ಉಳಿದು ಕಣ್ಣಿಗೆ ಏರುತ್ತದೆ. ನಮ್ಮಲ್ಲಿ ಕೊಳೆ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಮತ್ತು ಇ ಎಂಬ ಎರಡು ವೈರಸ್ಸುಗಳದ್ದು. ಬಹುಪಾಲು ಜನರಲ್ಲಿ ಈ ಎರಡೂ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಮೈಯೇ ಅದನ್ನು ಗೆಲ್ಲುತ್ತದೆ. ಅಂದಮೇಲೆ ಆ ವಾರಗಳಲ್ಲಿ ರೋಗಿಯ ಪಕ್ಕದಲ್ಲಿ ಯಾರು ನಿಂತಿರುತ್ತಾರೋ ಅವರ ಖಾತೆಗೆ ಜಮಾ. ಗಿಳಿ ನಿಂತಿದ್ದರೆ ಗಿಳಿಗೆ, ತಾಟು ಇಟ್ಟಿದ್ದರೆ ತಾಟಿಗೆ. ವಿರೋಧ ಪಕ್ಷದ ಗೆಳೆಯರೂ ಸ್ವಲ್ಪ ಕೇಳಬೇಕು: ಪೇಟೆಯ ಡಾಕ್ಟರರು ಬರೆದುಕೊಡುವ ಲಿವರ್ ಟಾನಿಕ್ ಬಾಟಲಿಗಳ ಜಮಾ ಕೂಡ ಬಹಳ ಮಟ್ಟಿಗೆ ಇಂಥದ್ದೇ.

ಗ್ರೀಸಿನ ಎಪಿಡಾರಸ್ ಎಂಬಲ್ಲಿ ಅಸ್ಕ್ಲೀಪಿಯಸ್ ಎಂಬ ವೈದ್ಯದೇವರ ಗುಡಿಯಿತ್ತು. ರೋಗಿಗಳು ಹೋಗಿ ಅಲ್ಲಿ ರಾತ್ರಿ ಮಲಗುವುದು, ದೇವರು ಕನಸಿನಲ್ಲಿ ಬಂದು ಗುಣಮಾಡುವುದು. ನಮ್ಮ ಕಡೆ ಹರಕೆ ಹೊತ್ತು ಗುಡಿಯಲ್ಲಿ ಮಲಗುತ್ತಾರಲ್ಲ, ಹಾಗೇ. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಲ್ಲಿ ನಿಲ್ಲಿಸಿದ ಕಲ್ಲುಗಳ ಮೇಲೆ ಸುಮಾರು ಎಪ್ಪತ್ತು ರೋಗಿಗಳ ಕಥೆ ಕೆತ್ತಿದ್ದಾರೆ. ಕುರುಡನಿಗೆ ಕಣ್ಣು ಬಂತು, ಕುಂಟ ನಡೆದ. ಗುಣವಾಗದೆ ಮನೆಗೆ ಮರಳಿದವನಿಗೆ ಅಲ್ಲಿ ಕಲ್ಲಿಲ್ಲ. ಆದರೆ ಅದೇ ಗ್ರೀಸಿನಲ್ಲಿ ಡಯಾಗೊರಸ್ ಎಂಬ ಒಬ್ಬ ನಾಸ್ತಿಕ ಇದ್ದ. ಅವನ ಒಂದು ಪ್ರಸಂಗವನ್ನು ಸಿಸೆರೊ ಹೇಳಿದ್ದಾನೆ. ಸಮುದ್ರದ ಬಿರುಗಾಳಿಯಲ್ಲಿ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಗೆಳೆಯನೊಬ್ಬ ಅವನಿಗೆ ತೋರಿಸಿ, ಈಗಲಾದರೂ ದೇವರನ್ನು ನಂಬು ಅಂದನಂತೆ. ಅದಕ್ಕೆ ಡಯಾಗೊರಸ್, ಮುಳುಗಿ ಸತ್ತವರ ಚಿತ್ರವನ್ನು ಯಾರೂ ಎಲ್ಲೂ ಬರೆಸಿಲ್ಲವಲ್ಲ ಅಂದನಂತೆ.

ಅಕೌಂಟ್ಸ್ ಪುಸ್ತಕದಲ್ಲಿ ಎಷ್ಟೋ ಪಾಠ ಓದಿದ್ದೇನೆ. ಇಷ್ಟು ಚೆನ್ನಾದ ಆಡಿಟ್ ಆಕ್ಷೇಪಣೆಯನ್ನು ಎಲ್ಲೂ ಓದಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದು ಈಗ ಹೇಳಬೇಕು.

ನನಗೆ ಹದಿನಾರು ವರ್ಷ ಇದ್ದಾಗ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆಗಾಲ. ಅವಳಿಗೆ ಏಳು ತಿಂಗಳು ತುಂಬಿತ್ತು. ಆ ವರ್ಷ ಊರಲ್ಲಿ ಗಟಾರದ ನೀರು ಕುಡಿಯುವ ನೀರಿನ ಪೈಪಿನೊಳಗೆ ಹೊಕ್ಕು, ನಮ್ಮ ಓಣಿಯೊಳಗೇ ಇಬ್ಬರಿಗೆ ಕಾಮಣಿ ಆಗಿತ್ತು. ಇಬ್ಬರೂ ಅಜ್ಜನ ಕಡೆ ಹೋಗಿ ಆರಾಮಾಗಿದ್ದರು. ಮೂರನೆಯದು ಚಿಗವ್ವನಿಗೆ ಬಂತು. ಪೇಟೆಯ ದವಾಖಾನೆಗೆ ಹೋಗೋಣ ಎಂದು ಕಾಕಾ, ಅಂದರೆ ಚಿಗವ್ವನ ಗಂಡ, ಫೋನಿನಲ್ಲಿ ಹೇಳಿದರಂತೆ. ಆಗ ಆಯಿ ಅಂದ ಮಾತನ್ನು ಅವ್ವ ನನಗೆ ಆಮೇಲೆ ಹೇಳಿದಳು: "ದವಾಖಾನ್ಯಾಗ ಕಾಮಣಿಗೆ ಔಷಧ ಎಲ್ಲೈತಿ? ನಮ್ಮ ಮುಂಬಯಿ ಹುಡುಗಗ ಆರಾಮ ಆಗಿಲ್ಲೇನು?"

ಮುಂಬಯಿ ಹುಡುಗ ಅಂದರೆ ನಾನು.

ಎರಡು ಭಾನುವಾರ ತಾಟಿನ ಮುಂದೆ ಕೂಡಿಸಿದರು. ನೀರು ಹಳದಿ ಇಳಿಯಿತು, ಇಳಿಯದೆ ಏನು? ಒಂಬತ್ತನೆಯ ದಿನ ಚಿಗವ್ವ ಹಗಲೆಲ್ಲ ಮಂಪರಿನಲ್ಲಿ ಮಲಗಿದಳು. ಸಂಜೆ ಎದ್ದು ಸಂಬಂಧವಿಲ್ಲದ ಮಾತು ಆಡಿದಳು. ಗಾಳಿ ತಾಕಿರಬೇಕೆಂದು ರಾತ್ರಿ ಇಳಿ ತೆಗೆದರು. ಬೆಳಿಗ್ಗೆ ಗಾಡಿ ಮಾಡಿಕೊಂಡು ಪೇಟೆಗೆ ಒಯ್ದರು. ಅಲ್ಲಿ ಎರಡು ದಿನ. ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ನಾವು ಮುಂಬಯಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿಯ ಡಾಕ್ಟರು ಕಾಕಾನಿಗೆ ಹೇಳಿದ್ದು ಇಷ್ಟು: ರಕ್ತದ ರಿಪೋರ್ಟಿನಲ್ಲಿ ಹೆಪಟೈಟಿಸ್ ಇ ಬಂದಿದೆ. ಮೊದಲ ದಿನವೇ ತಂದಿದ್ದರೂ ಉಳಿಸುತ್ತಿದ್ದೆ ಎಂದು ನಾನು ಮಾತು ಕೊಡಲಾರೆ. ಆದರೆ ಮೊದಲ ದಿನವೇ ಇದು ಬೇರೆ ಥರದ್ದು ಎಂದು ಹೇಳುತ್ತಿದ್ದೆ, ಕಣ್ಣಮುಂದೆ ಇಟ್ಟುಕೊಳ್ಳುತ್ತಿದ್ದೆ. ಹೆಪಟೈಟಿಸ್ ಇ ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರನ್ನೋ ಇಬ್ಬರನ್ನೋ ಕೊಲ್ಲುವುದೂ ಕಷ್ಟ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಸಾಯಬಹುದು. ರೋಗ ಒಂದೇ, ಓಣಿ ಒಂದೇ, ಕುಡಿದ ನೀರು ಒಂದೇ. 1955ರ ಕೊನೆಗೆ ದಿಲ್ಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ಸೇರಿ ಇಪ್ಪತ್ತೊಂಬತ್ತು ಸಾವಿರ ಜನಕ್ಕೆ ಕಾಮಾಲೆ ಬಂದಾಗಲೂ ಗರ್ಭಿಣಿಯರಿಗೆ ಅದು ಹೆಚ್ಚು ಅಪಾಯವಾದದ್ದು ಕಂಡುಬಂದಿತ್ತು. ಆ ವೈರಸ್ಸನ್ನು ಗುರುತಿಸಿದ್ದು ಮಾತ್ರ 1983ರಲ್ಲಿ.

ಈಗ ಲೆಕ್ಕ ನೋಡಿ. ಅಜ್ಜನ ಕೈಯಲ್ಲಿ ನೂರು ಜನ ಬಂದರೆ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಆರಾಮಾಗುತ್ತಾರೆ. ಅಷ್ಟೂ ಜನ ಊರೂರಿಗೆ ಹೋಗಿ ಹೇಳುತ್ತಾರೆ. ಸತ್ತವರು ಏನೂ ಹೇಳುವುದಿಲ್ಲ. ಅವರ ಮನೆಯವರು 'ಆಯುಷ್ಯ ಅಷ್ಟೇ ಇತ್ತು' ಅನ್ನುತ್ತಾರೆ. ಖರ್ಚಿನ ಬದಿಯೇ ಇಲ್ಲದ ಖಾತೆ ಇದು. ಇಂಥ ವಹಿಯನ್ನು ನಮ್ಮ ಅಕೌಂಟ್ಸ್ ಮೇಡಂ ಮುಂದೆ ಇಟ್ಟರೆ ಮುಖದ ಮೇಲೆ ಎಸೆಯುತ್ತಾರೆ. ಆ ವಹಿಯ ಜಮಾ ಬದಿಯಲ್ಲಿ ನನ್ನ ಹೆಸರಿದೆ. ಹನ್ನೊಂದು ವರ್ಷದ ಹುಡುಗನಾಗಿದ್ದ ನಾನು ತಾನಾಗಿಯೇ ಆರಾಮಾಗುವವನಿದ್ದೆ, ಆರಾಮಾದೆ. ನನ್ನನ್ನು ನೋಡಿಯೇ ಚಿಗವ್ವನನ್ನು ಅಲ್ಲಿ ಕೂಡಿಸಿದರು. ಚರ್ಚಾಕೂಟದಲ್ಲಿ ನಾನು ತೊದಲಿದ್ದು ಈ ಕಾರಣಕ್ಕೆ. ಅಡ್ಡಗೋಡೆಯ ದೀಪಕ್ಕಲ್ಲ.

ಹಾಗಾದರೆ ಹಳೆಯದೆಲ್ಲ ಸುಳ್ಳೇ? ನಾನು ಹಾಗೆ ಹೇಳುವವನಲ್ಲ. ಚಿಗವ್ವ ಹೋದ ಮೇಲೆ, ಪರ ಪಕ್ಷದವರು ಎತ್ತಿ ಎತ್ತಿ ಹೇಳುವ ಹಳೆಯ ಗ್ರಂಥಗಳಲ್ಲಿ ಏನಿದೆ ನೋಡೋಣವೆಂದು ಚರಕಸಂಹಿತೆಯ ಅನುವಾದ ತೆಗೆದು ಓದಿದೆ. ಪಾಂಡುರೋಗದ ಅಧ್ಯಾಯದಲ್ಲೇ ಕಾಮಲಾ ಬರುತ್ತದೆ. ಒಂದು ಬಗೆಯ ಕಾಮಾಲೆಯಲ್ಲಿ ಮಲ ಎಳ್ಳಿನ ಹಿಟ್ಟಿನಂತೆ ಬಿಳಿಚಿಕೊಂಡಿರುತ್ತದೆ, ಪಿತ್ತದ ದಾರಿ ಕಟ್ಟಿದೆ ಎಂದು ತಿಳಿಯಬೇಕು ಅನ್ನುತ್ತದೆ ಗ್ರಂಥ. ಇವತ್ತಿನ ಡಾಕ್ಟರು ಹೇಳುವುದೂ ಅದನ್ನೇ. ಎಂಥ ಕಣ್ಣು ಅವರದು! ಅದೇ ಅಧ್ಯಾಯದಲ್ಲಿ ಇನ್ನೂ ಒಂದು ಮಾತಿದೆ. ಕಾಮಾಲೆಯವನಿಗೆ ಅನ್ನ ಬೇಡವಾಗಿ, ಹೊಟ್ಟೆ ಉಬ್ಬಿ, ಮಂಪರು ಕವಿದು, ಬುದ್ಧಿ ಭ್ರಮಿಸಿದರೆ ಅವನು ಬೇಗ ಸಾಯುತ್ತಾನೆ ಅನ್ನುತ್ತದೆ. ಮಂಪರು, ಭ್ರಮೆ. ಒಂಬತ್ತನೆಯ ದಿನ ಚಿಗವ್ವನಲ್ಲಿ ನಮ್ಮ ಮನೆಯವರು ಕಂಡದ್ದು ಅದನ್ನೇ. ಎರಡು ಸಾವಿರ ವರ್ಷದ ಹಿಂದೆಯೇ ಯಾರೋ ಎಷ್ಟೋ ಸಾವುಗಳ ಪಕ್ಕದಲ್ಲಿ ಕೂತು ಅದನ್ನು ಬರೆದಿಟ್ಟಿದ್ದರು, ನಾವು ಗಾಳಿ ತಾಕಿದೆ ಅಂದೆವು. 'ಎಲ್ಲ ನಮ್ಮ ಗ್ರಂಥದಲ್ಲಿದೆ' ಎಂದು ಚಪ್ಪಾಳೆ ಗಿಟ್ಟಿಸುವ ಗೆಳೆಯರೇ, ಆ ಗ್ರಂಥ ತೆರೆದಿದ್ದೀರಾ? ಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಎಂದು ಅದು ರೋಗವನ್ನು ವಿಂಗಡಿಸುತ್ತದೆ. ಅಸಾಧ್ಯಕ್ಕೆ ಕೈಹಾಕಿದ ವೈದ್ಯ ಹಣವನ್ನೂ ವಿದ್ಯೆಯನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾನೆ ಎಂದು ಎಚ್ಚರಿಸುತ್ತದೆ.

ಈಜಿಪ್ಟಿನಲ್ಲೂ ಹೀಗೇ. ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು 1862ರಲ್ಲಿ ಲಕ್ಸರ್ ಊರಿನಲ್ಲಿ ಕೊಂಡ ಒಂದು ಪಪೈರಸ್ ಸುರುಳಿ ಇದೆ. ಅದನ್ನು ಬರೆದದ್ದು ಸುಮಾರು ಕ್ರಿ.ಪೂ. 1600ರಲ್ಲಿ. ಅದರಲ್ಲಿ 48 ರೋಗಿಗಳ ವಿಷಯ, ಹೆಚ್ಚಿನದು ಗಾಯ, ಎಲುಬು ಮುರಿತ. ಪ್ರತಿಯೊಂದನ್ನೂ ಪರೀಕ್ಷೆ ಮಾಡಿದ ಮೇಲೆ ವೈದ್ಯ ಮೂರರಲ್ಲಿ ಒಂದು ತೀರ್ಪು ಕೊಡಬೇಕು: ಇದಕ್ಕೆ ನಾನು ಚಿಕಿತ್ಸೆ ಮಾಡುತ್ತೇನೆ, ಇದರ ಜೊತೆ ನಾನು ಸೆಣಸುತ್ತೇನೆ, ಇದು ಚಿಕಿತ್ಸೆಗೆ ಒಗ್ಗುವುದಲ್ಲ. ಮಂತ್ರ ಬರುವುದು 48ರಲ್ಲಿ ಒಂದೇ ಒಂದು ಕಡೆ. ಮೂರನೆಯ ತೀರ್ಪನ್ನು ಓದಿ ನನಗೆ ಅನ್ನಿಸಿದ್ದು, ನಮ್ಮ ಹಳ್ಳಿಯ ಔಷಧ ಕಳೆದುಕೊಂಡದ್ದು ಗಿಡಮೂಲಿಕೆಯನ್ನಲ್ಲ, ಈ ಹಾಳೆಯನ್ನು. 'ಇದು ನನ್ನ ಕೈಯಲ್ಲಿ ಇಲ್ಲ' ಅನ್ನುವ ಹಾಳೆ ಮಗನಿಂದ ಮಗನಿಗೆ ಬರುವ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ.

ಗಿಡಮೂಲಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕಂದರೆ ನೆಲನೆಲ್ಲಿ ನನ್ನ ಹೊಟ್ಟೆಗೂ ಹೋಗಿದೆ. 1988ರಲ್ಲಿ ಮದ್ರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವರ ಜೊತೆ ಸೇರಿ, ನೆಲನೆಲ್ಲಿಯ ಒಂದು ಜಾತಿಯನ್ನು ಪರೀಕ್ಷೆಗೆ ಇಟ್ಟರು. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೈಯಲ್ಲಿ ಬಿ ವೈರಸ್ ಇಟ್ಟುಕೊಂಡಿದ್ದವರಲ್ಲಿ ಔಷಧ ತೆಗೆದುಕೊಂಡ 37 ಜನರ ಪೈಕಿ 22 ಜನರ ರಕ್ತದಿಂದ ಅದರ ಗುರುತು ಹೋಗಿತ್ತು. ಬರೀ ಹುಸಿ ಗುಳಿಗೆ ನುಂಗಿದ 23 ಜನರಲ್ಲಿ ಒಬ್ಬನಿಗೆ ಮಾತ್ರ. ನಾನು ಇದನ್ನು ಓದಿ ಎದ್ದು ಕುಣಿಯುವುದೊಂದೇ ಬಾಕಿ. ಆದರೆ ಮುಂದೆ ಬೇರೆ ಕಡೆಯವರು ಮಾಡಿ ನೋಡಿದರೆ ಆ ಫಲ ಸಿಗಲಿಲ್ಲ. ಒಳ್ಳೆಯ ಫಲ ಬಂದ ಮೊದಲ ಪರೀಕ್ಷೆಯನ್ನೂ ಬಾರದ ಮುಂದಿನ ಪರೀಕ್ಷೆಗಳನ್ನೂ ಅಚ್ಚುಹಾಕಿದ್ದಾರೆ. ನಾನು ಸಾಯನ್ಸಿಗೆ ಗೌರವ ಕೊಡುವುದು ಈ ಅಭ್ಯಾಸಕ್ಕಾಗಿ, ಬಿಳಿ ಕೋಟಿಗಾಗಿ ಅಲ್ಲ.

ಪರೀಕ್ಷೆಯಲ್ಲಿ ಗೆದ್ದದ್ದೂ ಇದೆ. ಚೀನದ ಗೆ ಹಾಂಗ್ 4ನೆಯ ಶತಮಾನದಲ್ಲಿ ಚಳಿಜ್ವರಕ್ಕೆ ಛಿಂಗ್‌ಹಾವ್ ಎಂಬ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಬರೆದಿಟ್ಟಿದ್ದ. ಕುದಿಸು ಅಂದಿರಲಿಲ್ಲ. ತು ಯೂಯೂ ಎಂಬ ವಿಜ್ಞಾನಿ ಆ ಸಾಲನ್ನು ಓದಿ, ಬಿಸಿಯಲ್ಲಿ ಸತ್ವ ಕೆಡುತ್ತಿರಬಹುದೆಂದು ತಣ್ಣಗೆ ತೆಗೆದು ನೋಡಿದರು. 1971ರಲ್ಲಿ 191ನೆಯ ಮಾದರಿ ಫಲಿಸಿತು. ಇಂದು ಮಲೇರಿಯಾಕ್ಕೆ ಕೊಡುವ ಮುಖ್ಯ ಔಷಧ ಅದರಿಂದಲೇ ಬಂದದ್ದು. 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮವರು ಇದನ್ನು ಹೇಳುವಾಗ ಗೆ ಹಾಂಗ್‌ನಿಂದ ಒಂದೇ ಜಿಗಿತಕ್ಕೆ ನೊಬೆಲ್‌ಗೆ ಹೋಗುತ್ತಾರೆ. ನಡುವೆ ಫಲಿಸದ ನೂರಾತೊಂಬತ್ತು ಮಾದರಿಗಳನ್ನು ಬಿಟ್ಟುಬಿಡುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. ಅಜ್ಜನಂಥವರನ್ನು ಜೈಲಿಗೆ ಹಾಕಬೇಕೆಂದು ನಾನು ಹೇಳುವುದಿಲ್ಲ. ಮಹಾರಾಷ್ಟ್ರದಲ್ಲಿ 2013ರಲ್ಲಿ, ದಾಭೋಳ್ಕರ್ ಅವರ ಕೊಲೆಯಾದ ಮೇಲೆ, ಒಂದು ಕಾನೂನು ಬಂದಿದೆ. ಹಾವು, ಚೇಳು, ನಾಯಿ ಕಚ್ಚಿದವನನ್ನು ದವಾಖಾನೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರ ಪ್ರಕಾರ ಅಪರಾಧ. ಆ ಸಾಲಿನಲ್ಲಿ ಕಾಮಾಲೆಯ ಹೆಸರಿಲ್ಲ, ಇದ್ದಿದ್ದರೂ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ತಡೆದಿರಲಿಲ್ಲ. ಪ್ರೀತಿಯಿಂದಲೇ ಕರಕೊಂಡು ಹೋದರು. ಆಯಿಯನ್ನು ಮೂಢೆ ಎಂದು ಬೈಯುವ ಸಾಯನ್ಸಿನ ಗೆಳೆಯರಿಗೆ ಒಂದು ಪ್ರಶ್ನೆ: ಪೇಟೆಯ ದವಾಖಾನೆಯಲ್ಲಿ ಯಾರಾದರೂ ಅವಳ ಹತ್ತಿರ ಎರಡು ನಿಮಿಷ ಕೂತು, ಅಜ್ಜ ಮಾತಾಡಿದ ಹಾಗೆ ಮಾತಾಡಿದ್ದಾರೆಯೇ? ಊರಿನ ಪೈಪಿನೊಳಗೆ ಗಟಾರ ಹೊಕ್ಕಾಗ ಯಾವ ಚರ್ಚಾಕೂಟ ನಡೆಯಿತು? ಈ ರೋಗ ಹುಟ್ಟುವುದು ಪೈಪಿನಲ್ಲಿ. ತಾಟಿನಲ್ಲಿ ಅಲ್ಲ, ಗ್ರಂಥದಲ್ಲೂ ಅಲ್ಲ.

ಔಷಧ ಕೊಡುವವನು ಯಾರೇ ಇರಲಿ, ಅವನ ಹತ್ತಿರ ಒಂದು ವಹಿ ಇರಬೇಕು. ಅದರಲ್ಲಿ ಎರಡೂ ಬದಿ ಇರಬೇಕು. ಮೂರನೆಯ ತೀರ್ಪು ಅವನ ಬಾಯಲ್ಲಿ ಬರಬೇಕು. ಬಸುರಿ ಬಂದರೆ, ಮಂಪರು ಬಂದರೆ, ಎಳ್ಳಿನ ಹಿಟ್ಟಿನಂಥ ಮಲ ಕಂಡರೆ, 'ಇದು ನನ್ನದಲ್ಲ, ಗಾಡಿ ಹತ್ತಿರಿ' ಅನ್ನಬೇಕು. ಇಷ್ಟನ್ನು ಕೇಳುವುದು ಸಂಪ್ರದಾಯದ ದ್ರೋಹ ಎಂದು ಯಾರಾದರೂ ಅಂದರೆ ಅವರಿಗೆ ಚರಕನೇ ಉತ್ತರ ಕೊಟ್ಟಿದ್ದಾನೆ.

ಈ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಜ್ಜ ತೀರಿಕೊಂಡಿದ್ದಾನೆ, ಅವನ ಮಗ ಔಷಧ ಕೊಡುತ್ತಾನೆ. ನಾನು ಇಲ್ಲಿಂದ ಇನ್ನೂರು ಪುಟದ ಒಂದು ಲಾಂಗ್ ಬುಕ್ ಒಯ್ದಿದ್ದೆ, ಗೆರೆ ಹಾಕಿ ಅಂಕಣ ಮಾಡಿ. ಹೆಸರು, ಊರು, ಬಂದ ತಾರೀಖು, ಬಸುರಿಯೋ ಹೇಗೆ, ದವಾಖಾನೆಗೆ ಕಳಿಸಿದ ತಾರೀಖು, ತಿಂಗಳ ಮೇಲೆ ಹೇಗಿದ್ದಾರೆ. ಅವನು ಪುಟ ತಿರುವಿ ನೋಡಿದ. ಸಿಟ್ಟಾಗಲಿಲ್ಲ. "ತಮ್ಮಾ, ಸತ್ತವರ ಹೆಸರೂ ಬರದ್ರ ನನ್ನ ಹಂತ್ಯಾಕ ಯಾರ್ ಬರ್ತಾರ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಜೊತೆಗೆ ಬಂದಿದ್ದ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಈ ನಾಲ್ಕು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಮೊದಲನೆಯ ಪುಟದ ಮೊದಲ ಗೆರೆಯ ಮೇಲೆ ಬೆರಳಿಟ್ಟು, "ಇಲ್ಲೆ ನಮ್ಮ ಹುಡುಗೀದು ಬರಿ" ಅಂದಳು. ಅವನು ನನ್ನ ಕಡೆ ನೋಡಿದ, ನಾನು ಪೆನ್ನು ಕೊಟ್ಟೆ. ಬರೆದ. ತಾರೀಖು ಆಯಿಯೇ ಹೇಳಿದಳು.

ವಹಿ ಅಲ್ಲೇ ಬಿಟ್ಟು ಬಂದಿದ್ದೇನೆ. ಎರಡನೆಯ ಗೆರೆ ತುಂಬಿದೆಯೋ ಇಲ್ಲವೋ ದೀಪಾವಳಿಗೆ ಹೋದಾಗ ನೋಡಬೇಕು.